ತಳ ಮುಟ್ಟಿ ನೋಡುವವನು

ನೀರು ತುಂಬಿದ ಯಾವ ಪಾತ್ರೆಯನ್ನೂ ನನ್ನ ತಮ್ಮ ತಳ ಮುಟ್ಟಿ ನೋಡದೆ ಬಳಸುತ್ತಿರಲಿಲ್ಲ. ಬಕೆಟ್ ಇರಲಿ, ಹಂಡೆ ಇರಲಿ, ಅಂಗಡಿಯ ಸಿಮೆಂಟ್ ಟಾಕಿ ಇರಲಿ, ಮೊದಲು ಅಂಗಿಯ ತೋಳು ಮೇಲೆ ಸರಿಸಿ ಕೈ ಇಳಿಬಿಡುತ್ತಿದ್ದ. ಅಡಿಯಲ್ಲಿ ಒಮ್ಮೆ ಬೆರಳಾಡಿಸಿ, ಕೈ ಒರೆಸಿಕೊಂಡು, ಆಮೇಲೆ ಮುಂದಿನ ಕೆಲಸ. ಅವನು ಪಂಪು ರಿಪೇರಿ ಮಾಡುವವನು, ಅದು ಕೆಲಸದ ರೂಢಿ ಎಂದು ಅಂಗಡಿಯವರು ತಿಳಿದಿದ್ದರು. ಸ್ನಾನದ ನೀರಿಗೂ ಹಾಗೇ ಮಾಡುತ್ತಿದ್ದನಂತೆ. ಅವನ ಹೆಂಡತಿ ಮೊದಮೊದಲು ನಗುತ್ತಿದ್ದಳು, ಆಮೇಲೆ ಅದು ಆಕೆಯ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಮೊನ್ನೆ ಅವನ ಮಣ್ಣು ಮುಗಿಸಿಕೊಂಡು ಎಲ್ಲರೂ ಅವನ ಮನೆಗೆ ಬಂದೆವು. ಅವನಿದ್ದ ಊರಿಗೆ ಈಗ ಸಂಭಾಜಿನಗರ ಎನ್ನುತ್ತಾರೆ, ನನ್ನ ಬಾಯಿಗೆ ಇನ್ನೂ ಔರಂಗಾಬಾದೇ ಬರುತ್ತದೆ. ನನಗೆ ಸ್ನಾನಕ್ಕೆ ನೀರು ತೋಡಿಕೊಟ್ಟ ಅವನ ಹೆಂಡತಿ ಬಕೆಟ್ಟಿನ ಮುಂದೆಯೇ ನಿಂತುಬಿಟ್ಟಳು.

“ಅಕ್ಕಾವ್ರೆ, ಇವ್ರು ನೀರಾಗ ಕೈ ಹಾಕಿ ಏನ್ ಹುಡುಕ್ತಿದ್ರು? ಸಣ್ಣಾಗಿಂದ್ಲೇ ಹಂಗೇನ್ರಿ?”

“ಹೂಂನವ್ವಾ, ಸಣ್ಣಾಗಿಂದ್ಲೇ” ಎಂದೆ.

ಅದು ಸುಳ್ಳು. ನಿಜ ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ. ಅವನು ಹೆಂಡತಿಗೂ ಹೇಳಿರಲಿಲ್ಲ ಎಂಬುದು ಆಕೆಯ ಪ್ರಶ್ನೆಯಿಂದಲೇ ತಿಳಿಯಿತು. ಸ್ನಾನ ಮಾಡಿ ಬಂದು ಆಕೆಯ ಮುಖ ನೋಡಲಾಗದೆ ಗೋಡೆಗೆ ತಿರುಗಿ ಮಲಗಿದೆ. ಆಕೆಗೆ ಕನ್ನಡ ಓದಲು ಬರುತ್ತದೆ. ಬಾಯಿಂದ ಬಾರದ್ದನ್ನು ಕೈಯಿಂದ ಬರೆಯೋಣವೆಂದು ಕೂತಿದ್ದೇನೆ. ನಾನು ನಾಸಿಕದ ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು. ಕನ್ನಡದ ಅಕ್ಷರ ಕಲಿಸಿದವನು ಇದೇ ತಮ್ಮ. ಚಿಕ್ಕವನಿದ್ದಾಗ ಬೀದರಿನ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಇದ್ದು ಶಾಲೆ ಕಲಿತು ಬಂದಿದ್ದ. ಒಲೆಯ ಮುಂದೆ ಕೂತು, ಇದ್ದಿಲಿನಿಂದ ನೆಲದ ಮೇಲೆ ಬರೆದು ತೋರಿಸುತ್ತಿದ್ದ. ನಾನು ತಪ್ಪು ಬರೆದರೆ ತಪ್ಪು ಎನ್ನುತ್ತಿರಲಿಲ್ಲ. ಪಕ್ಕದಲ್ಲಿ ಸರಿಯಾದುದನ್ನು ಬರೆದು ಸುಮ್ಮನೆ ಕೂರುತ್ತಿದ್ದ.

ನಾಸಿಕ್ ರೋಡ್ ಸ್ಟೇಷನ್ನಿನ ಆಚೆ ಒಂದು ವಾಡೆಯ ಹಿಂಭಾಗದಲ್ಲಿ ನಮಗೆ ಎರಡು ಕೋಣೆ, ಮುಂದೆ ಒಂದು ಅಂಗಳ. ಅಪ್ಪ ಕಾಳಿನ ಪೇಟೆಯಲ್ಲಿ ಲೆಕ್ಕ ಬರೆಯುವ ದಿವಾಣಜಿ. ಅವ್ವ ತೀರಿಹೋಗಿದ್ದಳು. ನಾನು ಮದುವೆಯಾಗಿ ಹೋದವಳು ಗಂಡನನ್ನು ಕಳೆದುಕೊಂಡು ತಿರುಗಿ ಬಂದು ಮನೆಯ ಒಲೆ ಹಿಡಿದಿದ್ದೆ. ತಮ್ಮ ಸೈಕಲ್ಲು, ಮೋಟಾರ್ ಸೈಕಲ್ಲು ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ದುಡಿಯುತ್ತಿದ್ದ. ಎತ್ತರದ ಆಳು. ಎತ್ತರಕ್ಕೆ ನಾಚಿದವನ ಹಾಗೆ ಕುತ್ತಿಗೆ ಬಾಗಿಸಿ ನಡೆಯುತ್ತಿದ್ದ.

ಮನೆಗೆ ಏನಾದರೊಂದು ಕೆಟ್ಟ ವಸ್ತು ಹೊತ್ತು ತರುವುದು ಅವನ ಚಟ. ಹಾಗೆ ತಂದ ರೇಡಿಯೋ ಮುಚ್ಚಳ ತೆಗೆದಿಟ್ಟರೆ ಮಾತ್ರ ಮಾತಾಡುತ್ತಿತ್ತು. ಗೋಡೆ ಗಡಿಯಾರ ಮಲಗಿಸಿದರೆ ಮಾತ್ರ ನಡೆಯುತ್ತಿತ್ತು. ಹಾಗಾಗಿ ಅದನ್ನು ಅಕ್ಕಿ ಡಬ್ಬಿಯ ಮೇಲೆ ಮಲಗಿಸಿಟ್ಟಿದ್ದೆವು. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿ, “ನೋಡ್ರಿ, ನಮ್ಮ ಗಡಿಯಾರಕ್ಕ ಜ್ವರ ಬಂದದ” ಎನ್ನುತ್ತಿದ್ದ. ನಗೆಯ ಅಡಿಯಲ್ಲಿ ಸಿಟ್ಟಿತ್ತು. “ಇಂವನ ಕೈಯಾಗ ಯಾವುದೂ ದಡಾ ಮುಟ್ಟಲ್ಲ” ಎಂಬುದು ಅಪ್ಪನ ತೀರ್ಪು. ತಮ್ಮ ಅದಕ್ಕೂ ನಗುತ್ತಿದ್ದ. ಆದರೆ ಅಪ್ಪ ಹಾಗೆಂದ ದಿನ ಒಂದು ರೊಟ್ಟಿ ಕಡಿಮೆ ತಿನ್ನುತ್ತಿದ್ದುದನ್ನು ರೊಟ್ಟಿ ಬಡಿಯುವ ನಾನು ಕಂಡಿದ್ದೆ.

ದೊಡ್ಡ ಬರ ಬಿತ್ತಲ್ಲ, ಎಪ್ಪತ್ತರ ದಶಕದ ಶುರುವಿಗೆ, ಆ ಬೇಸಗೆಯಲ್ಲಿ ಅವನು ತಂದದ್ದು ದೋಣಿಯ ಮೋಟಾರು. ದೋಣಿಯ ಹಿಂದಿನ ಹಲಗೆಗೆ ಕಚ್ಚಿಸಿ ನಿಲ್ಲಿಸುವಂಥದು. ಮೇಲೆ ತಲೆಯ ಹಾಗೆ ಇಂಜಿನ್ನು, ಕೆಳಗೆ ಉದ್ದನೆಯ ಒಂದೇ ಕಾಲು, ಕಾಲಿನ ತುದಿಗೆ ಮೂರು ರೆಕ್ಕೆಯ ಪಂಖ. ಮುಂಬಯಿಯ ಸಮುದ್ರದಲ್ಲಿ ಓಡಿ ಓಡಿ ಹಳತಾಗಿ, ಉಪ್ಪು ಹಿಡಿದು, ಕೈಯಿಂದ ಕೈಗೆ ಮಾರಾಟವಾಗಿ ಒಬ್ಬ ಸೇಠನ ಪಾಲಿಗೆ ಬಂದಿತ್ತು. ಅದನ್ನು ಸೈಕಲ್ಲಿನ ಹಿಂದೆ ಕಟ್ಟಿ ತಳ್ಳಿಕೊಂಡು ಅವನು ಅಂಗಳಕ್ಕೆ ಬಂದಾಗ ಪಕ್ಕದ ಮನೆಯ ಮರಾಠಿ ಮಾವಶಿ ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡಿದಳು.

“ಕಾಯ್ ರೇ! ಗೋದಾವರಿ ಸುಕಲೀ ಆಣಿ ತೂ ಹೋಡೀಚಂ ಇಂಜಿನ್ ಆಣಲಂಸ್?” ಗೋದಾವರಿಯೇ ಒಣಗಿದೆ, ನೀನು ದೋಣಿಯ ಇಂಜಿನ್ನು ತಂದೆಯಾ ಎಂದು.

“ಮಾವಶಿ, ನೀರು ಬಂದಮ್ಯಾಲ ಶುರು ಮಾಡಿದ್ರ ತಡಾ ಆಗ್ತದ” ಎಂದು ಅವನು ಕನ್ನಡದಲ್ಲೇ ಹೇಳಿದ. ಆಕೆಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಅವನೊಡನೆ ಎಲ್ಲರೂ ನಗುತ್ತಿದ್ದರು.

ಈ ಸಲ ಚಟಕ್ಕೆ ತಂದದ್ದಾಗಿರಲಿಲ್ಲ. ಪೈಠಣದ ಹತ್ತಿರ ಗೋದಾವರಿಗೆ ಭಾರೀ ಅಣೆಕಟ್ಟು ಏಳುತ್ತಿತ್ತು. ಅಲ್ಲಿ ನೀರು ನಿಂತ ಮೇಲೆ ಎಷ್ಟೋ ಹಳ್ಳಿಗಳ ದಾರಿ ಮುಳುಗುತ್ತದೆ, ಆಚೀಚೆ ಹೋಗಲು ದೋಣಿಗಳೇ ಗತಿ ಎಂಬುದು ಸೇಠನ ಲೆಕ್ಕ. ಆ ದೋಣಿಗಳ ಗುತ್ತಿಗೆಗೆ ಸೇಠ ಓಡಾಡುತ್ತಿದ್ದ. ನಾಸಿಕದ ಮೇಲ್ಗಡೆ ಗಂಗಾಪುರ ಅಣೆಕಟ್ಟಿನಲ್ಲಿ ಬರದಲ್ಲೂ ಒಂದಿಷ್ಟು ನೀರಿತ್ತು. ಅಲ್ಲಿ ಸರಕಾರಿ ಸಾಹೇಬರ ಎದುರು ಈ ಮೋಟಾರನ್ನು ಓಡಿಸಿ ತೋರಿಸಿದರೆ ಗುತ್ತಿಗೆ ಸೇಠನಿಗೆ, ಪೈಠಣದ ಎಲ್ಲ ಮೋಟಾರುಗಳ ಕೆಲಸ ನನ್ನ ತಮ್ಮನಿಗೆ. ಕಾಯಂ ಕೆಲಸ, ಇರಲು ಕೋಣೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಸೇಠ ಮನೆಗೆ ಬಂದು ಈ ಮಾತು ಹೇಳಿಹೋದ ಮೇಲೆ ಅಪ್ಪ ತೀರ್ಪು ನುಡಿಯುವುದನ್ನು ನಿಲ್ಲಿಸಿ, ಮೊದಲ ಸಲ, “ನೋಡೂಣ” ಎಂದಿದ್ದ. ಆ ಒಂದು ಮಾತು ಕೇಳಿ ತಮ್ಮ ಅಂಗಳಕ್ಕೆ ಹೋಗಿ ಸುಮ್ಮನೆ ಮೋಟಾರಿನ ತಲೆ ಸವರುತ್ತ ನಿಂತದ್ದು ಇನ್ನೂ ನನ್ನ ಕಣ್ಣಲ್ಲಿದೆ.

ಮೋಟಾರಿಗೆ ಅವನು ಇಟ್ಟ ಹೆಸರು ಸಾಹೇಬ. ವಿಲಾಯತಿನಿಂದ ಬಂದದ್ದಲ್ಲವೇ! “ಸಾಹೇಬಗ ಉಪ್ಪು ಭಾಳ ಆಗೇದ”, “ಸಾಹೇಬ ಇವತ್ತ ಬಾಯಿ ಬಿಟ್ಟಾನ.” ತುಕ್ಕು ಹಿಡಿದು ಕೂತ ತಿರುಪುಗಳನ್ನು ಬಲವಂತದಿಂದ ತಿರುಗಿಸುತ್ತಿರಲಿಲ್ಲ. ಬುಡಕ್ಕೆ ಸೀಮೆ ಎಣ್ಣೆ ಬಿಟ್ಟು, ಮರದ ತುಂಡಿನಿಂದ ಮೆಲ್ಲಗೆ ಬಡಿದು, ಬಿಟ್ಟು ಎದ್ದುಬಿಡುತ್ತಿದ್ದ. ಮರುದಿನ ಮತ್ತೆ ಹಾಗೇ. ನನಗೆ ತಾಳ್ಮೆ ಕೆಟ್ಟು, “ಒಂದು ಏಟು ಹಾಕಬಾರದೇನೋ?” ಎಂದರೆ, “ಹೆದರಿಸಿದ್ರ ಮುರೀತದ ಅಕ್ಕಾ, ಬಿಡಲ್ಲ” ಎನ್ನುತ್ತಿದ್ದ. ಬಿಚ್ಚಿದ ತಿರುಪುಗಳನ್ನು ನನ್ನ ಪಡ್ಡಿನ ಹಂಚಿನ ಗುಳಿಗಳಲ್ಲಿ ಬಿಚ್ಚಿದ ಸಾಲಿನಲ್ಲೇ ಇಡುತ್ತಿದ್ದ. ನಾನು ಕೂಗಾಡಿದೆ. “ಸಾಹೇಬ ಎದ್ದ ದಿನ ಇದರಾಗೇ ಪಡ್ಡು ಮಾಡು, ಮೊದಲನೇದು ಅವಗ” ಎಂದ.

ಆ ಮೋಟಾರಿನ ಜೀವ ನೀರಿನಲ್ಲಿತ್ತು. ಹೊಳೆಯ ನೀರನ್ನೇ ಕಾಲಿನಿಂದ ಮೇಲಕ್ಕೆಳೆದು, ಇಂಜಿನ್ನಿನ ಸುತ್ತ ಸಣ್ಣ ಸಣ್ಣ ದಾರಿಗಳಲ್ಲಿ ಹರಿಸಿ, ಹಿಂದಿನ ತೂತಿನಿಂದ ಹೊರಗೆ ಬಿಡುತ್ತದೆ. ಹಾಗೆ ತಂಪಾಗದಿದ್ದರೆ ಕಾದು, ಹಿಡಿದುಕೊಂಡು ನಿಂತುಬಿಡುತ್ತದೆ. ನೀರೆಳೆಯಲು ಒಳಗೊಂದು ರಬ್ಬರಿನ ಪುಟ್ಟ ಚಕ್ರವಿತ್ತು, ಸುತ್ತ ಎಸಳು ಎಸಳು. ಅವನು ಅದನ್ನು ಹೂವು ಎನ್ನುತ್ತಿದ್ದ. ಹಳೆಯ ಹೂವು ಪುಡಿಯಾಗಿತ್ತು, ಹೊಸದು ಎಲ್ಲೂ ಸಿಗಲಿಲ್ಲ. ಟೈರಿನ ಚಪ್ಪಲಿಯ ಅಟ್ಟೆ ಕತ್ತರಿಸಿ ತಾನೇ ಮಾಡಿದ. ಒಂದು ದಪ್ಪವಾಯಿತು, ಒಂದರ ಎಸಳು ಹರಿಯಿತು. ಮನೆಯಲ್ಲಿ ಹಳೆಯ ಚಪ್ಪಲಿ ಮುಗಿದಾಗ ಅಪ್ಪ ತನ್ನ ಚಪ್ಪಲಿಯನ್ನು ಕೋಣೆಯ ಒಳಗೆ ಬಿಡತೊಡಗಿದ. ಕೊನೆಗೊಂದು ಹೂವು ಸರಿಯಾಗಿ ಕೂತ ದಿನ ಅದನ್ನು ಅಂಗೈಮೇಲಿಟ್ಟುಕೊಂಡು ಒಲೆಯ ಹತ್ತಿರ ಬಂದು ನನಗೆ ತೋರಿಸಿದ.

ಮನೆಯಲ್ಲಿ ಓಡಿಸಿ ನೋಡಲು ಒಂದು ದೊಡ್ಡ ಡ್ರಮ್ ತುಂಬ ನೀರು ಬೇಕಿತ್ತು. ಅಂಚಿಗೆ ಮೋಟಾರು ಕಚ್ಚಿಸಿ, ಕಾಲನ್ನು ನೀರಿಗೆ ಇಳಿಬಿಟ್ಟು ಓಡಿಸಬೇಕು. ಆ ಬೇಸಗೆಯಲ್ಲಿ ನಲ್ಲಿಗೆ ನೀರು ಯಾವಾಗ ಬಂದೀತೋ ಎಂದು ಹೆಂಗಸರು ಕೊಡಗಳನ್ನು ಸಾಲಿಗಿಟ್ಟು ಕಾಯುತ್ತಿದ್ದೆವು. ಅಂಥದರಲ್ಲಿ ಅವನು ತನ್ನ ಸ್ನಾನ ಬಿಟ್ಟು, ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ಉಳಿಸಿದ ನೀರನ್ನು ಡ್ರಮ್ಮಿಗೆ ಹಾಕುತ್ತಿದ್ದ. ಒಳಗೆ ಸುಣ್ಣದಿಂದ ಒಂದು ಗೆರೆ ಎಳೆದಿದ್ದ. “ಅಕ್ಕಾ, ನೀರು ಈ ಗೆರಿಗಿಂತ ಕೆಳಗ ಇಳೀಬಾರದು. ಇಳಿದ್ರ ಹೂವು ಗಾಳಿ ಎಳೀತದ, ಸುಟ್ಟು ಹೋಗ್ತದ. ಇದು ಸಾಹೇಬನ ನೀರು, ಯಾರೂ ಮುಟ್ಟಬ್ಯಾಡ್ರಿ.” ಮುಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಮೇಲೆ ಗೋಣಿಚೀಲ ಮುಚ್ಚಿಟ್ಟೆ.

ಸೇಠ ದಿನ ಗೊತ್ತುಮಾಡಿದ. ಅದರ ಹಿಂದಿನ ದಿನ ಬೆಳಗಾಗುತ್ತಲೇ ತಮ್ಮ ಮಾಲೇಗಾಂವ್‌ಗೆ ಹೋದ. ಅಲ್ಲಿ ಮಗ್ಗದ ಯಂತ್ರಗಳ ಭಾಗ ಕಡೆದು ಕೊಡುವವನೊಬ್ಬನಿಗೆ ಪಂಖದ ಬುಡಕ್ಕೆ ಬಳೆಯ ಹಾಗೆ ಕೂರುವ ಒಂದು ಹಿತ್ತಾಳೆಯ ಬುಷ್ ಮಾಡಲು ಹೇಳಿದ್ದ. ಸಂಜೆ ಬಂದು ಅದನ್ನು ಕೂರಿಸಿ ಡ್ರಮ್ಮಿನಲ್ಲಿ ಓಡಿಸಿ ನೋಡಿದರೆ, ಮರುದಿನ ಗಂಗಾಪುರ.

ಅವನು ಅತ್ತ ಹೋದ, ಇತ್ತ ನಮ್ಮ ಊರ ಕಡೆಯ ಅಯ್ಯನವರು ಬಂದರು. ತ್ರ್ಯಂಬಕೇಶ್ವರಕ್ಕೆ ಹೊರಟವರು, ದಾರಿಯಲ್ಲಿ ಭಕ್ತರ ಮನೆ ಎಂದು ಹುಡುಕಿಕೊಂಡು ಬಂದಿದ್ದರು. ನಮ್ಮ ಮನೆತನದ ಜಂಗಮರು. ಅವ್ವ ಸತ್ತ ಮೇಲೆ ನಮ್ಮಲ್ಲಿಗೆ ಬಂದಿರಲೇ ಇಲ್ಲ. ಅಯ್ಯನವರು ಬಂದರೆ ಮೊದಲು ಸ್ನಾನಕ್ಕೆ ನೀರು ಕೊಡಬೇಕು, ಪಾದ ತೊಳೆದು ಪೂಜೆ ಮಾಡಬೇಕು, ಆಮೇಲೆ ಪ್ರಸಾದ. ಅವ್ವ ಇದ್ದಾಗ ಒಂದೂ ತಪ್ಪುತ್ತಿರಲಿಲ್ಲ. ಅಪ್ಪ ಪೇಟೆಗೆ ಹೋಗಿದ್ದ. ಮನೆಯಲ್ಲಿ ಕುಡಿಯುವ ನೀರೇ ಕೊಡದ ತಳದಲ್ಲಿತ್ತು.

ಅವರು ಕಟ್ಟೆಯ ಮೇಲೆ ಕೂತು, “ಒಂದು ಚರಗಿ ನೀರು ಕೊಡು ತಾಯಿ, ಕಾಲು ಮಾರಿ ತೊಳಕೊಂತೀನಿ. ಇಂಥ ಕಾಲದಾಗ ಅಷ್ಟು ಸಿಕ್ರ ಸಾಕು” ಎಂದರು.

ಅವರು ಕೇಳಿದ್ದು ಒಂದು ಚರಗಿ. ಇದನ್ನು ನಾನು ಒತ್ತಿ ಬರೆಯಬೇಕು, ಯಾಕೆಂದರೆ ದೇವರ ಹೆಸರು ಹೇಳಿ ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಗಂಡ ಸತ್ತು ತವರಿಗೆ ಬಂದವಳ ಕೈಯಲ್ಲಿ ಮನೆ ನಡೆದಿಲ್ಲ ಎಂದು ಊರಲ್ಲಿ ಮಾತಾಗಬಾರದು, ಅವ್ವನ ಹಾಗೆಯೇ ಮಗಳು ನಡೆಸಿದಳು ಎಂದು ಅವರು ಹೋಗಿ ಹೇಳಬೇಕು. ನನ್ನ ಮನಸ್ಸಿನಲ್ಲಿದ್ದದ್ದು ಅಷ್ಟೇ.

“ಹಂಗೆಂದ್ರ ಹ್ಯಾಂಗ್ರಿ ಅಪ್ಪಾವ್ರೆ? ಮೈ ತೊಳಕೋರಿ. ನೀರು ಬೇಕಾದಷ್ಟದ” ಎಂದೆ.

ಗೋಣಿಚೀಲ ತೆಗೆದು ಡ್ರಮ್ಮಿನಿಂದ ನೀರು ತೋಡಿದೆ. ಸ್ನಾನಕ್ಕೆ, ಪಾದಪೂಜೆಗೆ, ಅಡುಗೆಗೆ. ಅಯ್ಯನವರು ಡ್ರಮ್ಮು ನೋಡಿ, “ಅದು ಯಾತರ ನೀರು ತಾಯಿ?” ಎಂದು ಕೇಳಿದರು. “ನಮ್ಮದೇ ರೀ” ಎಂದೆ. ಉಂಡು, ವಿಭೂತಿ ಹಚ್ಚಿ, “ನಿಮ್ಮವ್ವನ ಕೈ ನಿನಗ ಬಂದದ” ಎಂದು ಹೇಳಿ ತ್ರ್ಯಂಬಕದ ಬಸ್ಸಿಗೆ ಹೋದರು. ಆ ಮಾತಿನ ಸುಖದಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಆಮೇಲೆ ಡ್ರಮ್ಮಿನಲ್ಲಿ ಇಣುಕಿದೆ. ನೀರು ಸುಣ್ಣದ ಗೆರೆಯಿಂದ ಬಹಳ ಕೆಳಗಿತ್ತು.

ನಲ್ಲಿಯ ನೀರು ಅಂದು ಬರುವಂತಿರಲಿಲ್ಲ. ಮಾವಶಿಯ ಮನೆಯಲ್ಲೂ ಇರಲಿಲ್ಲ. ತಮ್ಮ ಬಂದಾಗ ಹೀಗಾಯಿತು ಎಂದು ಹೇಳಬಹುದಿತ್ತು. ಹೇಳಿದ್ದರೆ ಸೈಕಲ್ಲು ಹತ್ತಿ ಎಲ್ಲಿಂದಲೋ ಡಬ್ಬಿಗಳಲ್ಲಿ ನೀರು ತರುತ್ತಿದ್ದ. ಇಲ್ಲವೇ ಸೇಠನಿಗೆ ಹೇಳಿ ಗಂಗಾಪುರದಲ್ಲೇ ಮೊದಲು ಓಡಿಸಿ ನೋಡುತ್ತಿದ್ದ. ಆದರೆ ಕೊಟ್ಟ ಮಾತು ಮುರಿದೆ ಎಂದು ಅವನೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಮೋಟಾರಿನ ಕಾಲು ಇಳಿಸಿದಾಗ ನೀರು ಮೇಲೇರುವುದನ್ನು ನಾನು ನೋಡಿದ್ದೆ. ಗೆರೆಗೆ ನೀರು ಮುಟ್ಟಿದರಾಯಿತಲ್ಲ ಎಂದುಕೊಂಡೆ. ಅಂಗಳದ ಮೂಲೆಯಲ್ಲಿ ಸ್ನಾನದ ನೀರು ಕಾಯಿಸುವ ಒಲೆ ಆ ಬೇಸಗೆಯಲ್ಲಿ ತಣ್ಣಗೆ ಬಿದ್ದಿತ್ತು. ಅದರ ಇಟ್ಟಿಗೆಗಳನ್ನು ಕಿತ್ತು, ಮಸಿ ಕೆರೆದು, ಒಂದೊಂದಾಗಿ ಡ್ರಮ್ಮಿನೊಳಗೆ ಇಳಿಬಿಟ್ಟೆ. ಊರ ಭಟ್ಟಿಯ ಅರೆಬೆಂದ ಇಟ್ಟಿಗೆ. ನೀರು ಗೆರೆಗೆ ಬಂತು. ಗೋಣಿ ಮುಚ್ಚಿದೆ.

ಸಂಜೆ ಅವನು ಬಂದ. ಬುಷ್ ಕೂರಿಸಿ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿ, ತಲೆಯ ಗಾಲಿಗೆ ಹಗ್ಗ ಸುತ್ತಿ ಎಳೆದ. ಕೆಮ್ಮಿತು. ಮತ್ತೆ ಎಳೆದ. ಸಾಹೇಬ ಎದ್ದೇಬಿಟ್ಟ! ವಾಡೆಯ ಜನವೆಲ್ಲ ಅಂಗಳಕ್ಕೆ ಬಂದರು. ಡ್ರಮ್ಮಿನ ನೀರು ಹೊಗೆಯಿಂದ, ಎಣ್ಣೆಯಿಂದ ಕಪ್ಪಾಗಿ ಕುದಿಯುವ ಹಾಗೆ ಏಳುತ್ತಿತ್ತು. ಹಿಂದಿನ ತೂತಿನಿಂದ ಸಣ್ಣ ಧಾರೆ ಚಿಮ್ಮಿದಾಗ ತಮ್ಮ ಕುಣಿಯುವುದೊಂದು ಬಾಕಿ. “ಕೂಸು ಉಚ್ಚಿ ಹೊಯ್ತು ನೋಡ್ರಿ, ಇನ್ನ ಆರಾಮ ಅದ!” ಎಂದು ಕೂಗಿದ. ಅಪ್ಪ ನಕ್ಕ. ತಮ್ಮನ ವಿಷಯಕ್ಕೆ ಅಪ್ಪ ಅಡಿಯಲ್ಲಿ ಸಿಟ್ಟಿಲ್ಲದೆ ನಕ್ಕದ್ದನ್ನು ನಾನು ಕಂಡದ್ದು ಅಂದೇ. ನಾನೂ ನಕ್ಕೆ. ನನ್ನ ಉಪಾಯ ಫಲಿಸಿತೆಂದು ನಕ್ಕೆ.

ಆ ಎಣ್ಣೆ ನೀರನ್ನು ಅಂಗಳದ ಧೂಳಿಗೆ ಚಿಮುಕಿಸುತ್ತೇನೆ ಎಂದು ನಾನೇ ಮುಂದೆ ಹೋದೆ. ಅವನು ಮೋಟಾರು ಒರೆಸುವುದರಲ್ಲಿದ್ದ. ತಳಕ್ಕೆ ಕೈ ಹಾಕಿದರೆ ಇಟ್ಟಿಗೆಗಳ ಅಂಚು ಉಳಿದಿರಲಿಲ್ಲ, ನೆನೆದ ಬೆಲ್ಲದ ಹಾಗೆ ಕೈಗೆ ಹತ್ತಿದವು. ಪಂಖ ತಿರುಗಿ ಎಬ್ಬಿಸಿದ ನೀರು ಅವನ್ನು ತಿಂದಿತ್ತು. ಉಳಿದ ಮುದ್ದೆಗಳನ್ನು ಬುಟ್ಟಿಗೆ ಹಾಕಿ ಗೋಡೆಯಾಚೆ ಚೆಲ್ಲಿದೆ. ಕೈ ಕೆಂಪಾಗಿತ್ತು. ಸೀರೆಗೆ ಒರೆಸಿಕೊಂಡೆ.

ಮರುದಿನ ಅಪ್ಪ ಪೇಟೆಗೆ ರಜೆ ಹೇಳಿ, ರುಮಾಲು ಸುತ್ತಿಕೊಂಡು ಗಂಗಾಪುರಕ್ಕೆ ಬಂದ. ನಾನೂ ಹೋದೆ. ನೀರು ಒಳಕ್ಕೆ ಸರಿದು ದಡವೆಲ್ಲ ಕರಿ ಮಣ್ಣು ಬಿರುಕು ಬಿಟ್ಟಿತ್ತು. ಸೇಠ, ಸರಕಾರಿ ಸಾಹೇಬರು ದೋಣಿಯಲ್ಲಿ ಕೂತರು. ತಮ್ಮ ಹಿಂದೆ ನಿಂತು ಹಗ್ಗ ಎಳೆದ. ದೋಣಿ ನೀರು ಸೀಳಿಕೊಂಡು ಹೋಯಿತು. ಅಪ್ಪ ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಮನುಷ್ಯನಿಗೆ, “ಮಾಝಾ ಮುಲಗಾ” ಎಂದ, ನನ್ನ ಮಗ ಎಂದು.

ದೋಣಿ ಸಣ್ಣದಾಗುತ್ತ ಹೋಗಿ ನಡುನೀರಿನಲ್ಲಿ ತಿರುಗಿತು. ಆಗ ಸದ್ದು ಬದಲಾಯಿತು. ಗಂಟಲು ಕಟ್ಟಿದ ಹಾಗೆ. ಹೊಗೆ ಎದ್ದಿತು. ತಮ್ಮ ಬಾಗಿದ್ದು ಕಂಡಿತು. ಆಮೇಲೆ ಏನೂ ಕೇಳಿಸಲಿಲ್ಲ. ಮೋಟಾರು ಹಿಡಿದುಕೊಂಡಿತ್ತು. ದೋಣಿ ಗಾಳಿಗೆ ಅಡ್ಡಡ್ಡ ತೇಲುತ್ತ ಬಹಳ ಹೊತ್ತು ಅಲ್ಲೇ ಇತ್ತು. ಮೀನು ಹಿಡಿಯುವವರು ಹುಟ್ಟು ಹಾಕಿಕೊಂಡು ಹೋಗಿ ಹಗ್ಗ ಕಟ್ಟಿ ಎಳೆದು ತಂದರು. ಬರುವಾಗ ಅವರಲ್ಲೊಬ್ಬ ಏನೋ ಅಂದ, ಉಳಿದವರು ನಕ್ಕರು. ಅಪ್ಪ ನೀರಿಗೆ ಬೆನ್ನು ಮಾಡಿ ನಿಂತುಬಿಟ್ಟಿದ್ದ.

ಸಾಹೇಬರು ಒದ್ದೆಯಾದ ಬೂಟು ನೋಡಿಕೊಳ್ಳುತ್ತ ಜೀಪಿಗೆ ಹೋದರು. ಸೇಠ ತಮ್ಮನ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದ. ತಮ್ಮ ಒಂದೇ ಮಾತು ಹೇಳಿದ, “ಮಾಝೀಚ್ ಚೂಕ್, ಸೇಠ್.” ತಪ್ಪು ನನ್ನದೇ ಎಂದು. ಏನು ತಪ್ಪು ಎಂದು ಅವನಿಗೆ ಆಗ ಗೊತ್ತೇ ಇರಲಿಲ್ಲ.

ಮನೆಗೆ ತಂದು ಬಿಚ್ಚಿದ. ನಾನು ಹೊಸ್ತಿಲ ಮೇಲೆ ಮೊರ ಹಿಡಿದು ನಿಂತಿದ್ದೆ. ಹೂವು ಸುಟ್ಟು ಮುದುಡಿತ್ತು. ನೀರು ಹೋಗುವ ದಾರಿಗೆ ತಂತಿ ಹಾಕಿ ಕೆರೆದಾಗ ಅಂಗೈಮೇಲೆ ಮಣ್ಣು ಉದುರಿತು. ಹಿಂದಿನ ಸಂಜೆ ಒಳಗೆ ಹೋದ ಕೆಸರು ಆ ಬಿಸಿಲಿಗೆ ಒಣಗಿ ಗಟ್ಟಿಯಾಗಿ ಕೂತಿತ್ತು. ಕೆಂಪು ಮಣ್ಣು. ಗಂಗಾಪುರದ ಮಣ್ಣು ಕರಿ, ನಮ್ಮ ಅಂಗಳದ್ದೂ ಕರಿ. ಅವನು ಅದನ್ನು ಬೆರಳಿನಿಂದ ತಿಕ್ಕಿ ನೋಡಿದ. ಆಮೇಲೆ ತಲೆ ಎತ್ತಿ ಅಂಗಳದ ಮೂಲೆಯ ಕಡೆ ನೋಡಿದ. ಒಲೆ ಇದ್ದ ಕಡೆ ಮಸಿ ಹಿಡಿದ ಗೋಡೆ, ಬೂದಿ. ಇಟ್ಟಿಗೆ ಇರಲಿಲ್ಲ. ಒಂದು ಕ್ಷಣ ಅಷ್ಟೇ. ನನ್ನ ಕಡೆ ನೋಡಲಿಲ್ಲ.

“ಏನದು?” ಅಪ್ಪ ಕೇಳಿದ.

“ಮಣ್ಣು.”

“ಎಲ್ಲಿಂದ ಬಂತು?”

“ನಾನೇ ಸರಿಯಾಗಿ ತೊಳೀಲಿಲ್ಲಪಾ.”

“ಗೊತ್ತಿತ್ತು ನನಗ. ನಿನ್ನ ಕೈಯಾಗ ಯಾವುದೂ ದಡಾ ಮುಟ್ಟಲ್ಲ ಅಂತ ಗೊತ್ತಿತ್ತು. ಮಂದಿ ಮುಂದ ನನ್ನ ಮಗ ಅಂತ ಹೇಳಿದ್ನಲ್ಲ, ನನ್ನ ಬಾಯಿಗೆ ಹೊಡೀಬೇಕು!”

ನಾನು ಮಾತಾಡಬೇಕಾದ ಹೊತ್ತು ಅದು. ಒಳಗೆ ಹೋದೆ. ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ. ಅಪ್ಪ ಹೊರಗೆ ಇನ್ನೂ ಏನೇನೋ ಅನ್ನುತ್ತಿದ್ದ. ಅದು ಕೇಳಿಸದಿರಲೆಂದು ಜೋರಾಗಿ ಬಡಿದೆ. ಬೇಕಾದದ್ದಕ್ಕಿಂತ ಹೆಚ್ಚು ರೊಟ್ಟಿ ಮಾಡಿದೆ. ಅಂದು ಅವನು ಉಣ್ಣಲೇ ಇಲ್ಲ.

ಕೆಲವು ದಿನ ಕಳೆದು, ಮೋಟಾರನ್ನು ಸೇಠನಿಗೆ ಮುಟ್ಟಿಸಿ ಬರುವಾಗ ಸೈಕಲ್ಲಿನ ಹಿಂದೆ ಇಟ್ಟಿಗೆ ಕಟ್ಟಿಕೊಂಡು ಬಂದ. ಒಳ್ಳೆಯ ಕೆಂಪು ಇಟ್ಟಿಗೆ, ಒಂದಕ್ಕೊಂದು ತಾಗಿದರೆ ಗಂಟೆಯ ಹಾಗೆ ನಾದ ಬರುತ್ತಿತ್ತು. ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆಸರು ಕಲಸಿ, ಒಲೆಯನ್ನು ಮೊದಲಿನ ಹಾಗೆ ಕಟ್ಟಿದ. ನಾನು ಚಹಾ ತಂದುಕೊಟ್ಟೆ. ಚಹಾ ಊದಿ ಕುಡಿದು, ಬಟ್ಟಲು ಕೈಗೆ ಕೊಡುತ್ತ ಹೇಳಿದ:

“ಅಕ್ಕಾ, ಇವು ಚೊಲೋ ಸುಟ್ಟಾವ. ನೀರಾಗ ಕರಗಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಷರ ಕಲಿಸುವಾಗ ಪಕ್ಕದಲ್ಲಿ ಸರಿಯಾದುದನ್ನು ಬರೆದಿಟ್ಟು ಸುಮ್ಮನೆ ಕೂರುತ್ತಿದ್ದನಲ್ಲ, ಹಾಗೆಯೇ ಕೂತಿದ್ದ. ನಾನೊಂದು ಮಾತು ಆಡಿದ್ದರೆ ಸಾಕಿತ್ತು. ಅತ್ತುಬಿಟ್ಟಿದ್ದರೂ ಸಾಕಿತ್ತು.

“ಒಲಿ ಇಟ್ಟಿಗಿ ನೀರಾಗ ಯಾಕ ಬೀಳ್ತಾವೋ ಹುಚ್ಚಾ?” ಎಂದೆ.

ಅವನು ನನ್ನನ್ನು ನೋಡಿದ. ಆಮೇಲೆ ನಕ್ಕ. “ಹೌದಲ್ಲ. ಯಾಕ ಬೀಳ್ತಾವ” ಎಂದು ಎದ್ದು ಕೈ ಕೊಡವಿಕೊಂಡ.

ಆ ಮಳೆಗಾಲಕ್ಕೆ ಮುಂಚೆಯೇ ಔರಂಗಾಬಾದಿಗೆ ಹೋದ. ಬಾವಿಯ ಪಂಪು ರಿಪೇರಿಯ ಅಂಗಡಿ ಸೇರಿ ಕೊನೆಯವರೆಗೂ ಅದನ್ನೇ ಮಾಡಿದ. ಅಪ್ಪನಿಗೆ ಪ್ರತಿ ಪಂಚಮಿಗೆ ಧೋತರ ತರುತ್ತಿದ್ದ. ಅಪ್ಪ ಉಡುತ್ತಿದ್ದ, ಆದರೆ ತೀರಿಕೊಳ್ಳುವವರೆಗೂ ಮಗನ ಕೆಲಸವನ್ನು ವಿಚಾರಿಸಲಿಲ್ಲ. ವಿಚಾರಿಸುವ ಹಾಗೆ ನಾನು ಮಾಡಬಹುದಿತ್ತು. ನನ್ನ ಒಂದು ಮಾತಿನಲ್ಲಿತ್ತು.

ಪೈಠಣದಲ್ಲಿ ನೀರು ನಿಂತ ಮೇಲೆ ಒಮ್ಮೆ ನನ್ನನ್ನು ಕರೆದುಕೊಂಡು ಹೋದ. ಕಣ್ಣು ಹಾಯುವಷ್ಟು ದೂರ ನೀರು. ಆಚೆ ಹಳ್ಳಿಗೆ ಹೋಗುವ ದೋಣಿಯಲ್ಲಿ ಕೂತೆವು. ಯಾರದೋ ಮೋಟಾರು, ಯಾರೋ ನಡೆಸುತ್ತಿದ್ದರು. ಅವನು ಅದಕ್ಕೆ ಬೆನ್ನು ಮಾಡಿ ಕೂತಿದ್ದ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ನೋಡದೆಯೇ, “ಸಾಹೇಬಗ ನೀರಡಿಕಿ ಆಗೇದ” ಎಂದ. ನಡೆಸುವವನಿಗೆ 'ನಿಲ್ಲಿಸು' ಎಂದು ಕೈಮಾಡಿ, ಹೋಗಿ ಮೋಟಾರಿನ ಕಾಲು ಎತ್ತಿ, ನೀರೆಳೆಯುವ ತೂತಿಗೆ ಸುತ್ತಿಕೊಂಡಿದ್ದ ಜೊಂಡು ತೆಗೆದು ಬಂದು ಮತ್ತೆ ಬೆನ್ನು ಮಾಡಿ ಕೂತ. ಆಗಲೂ ಹೇಳಬೇಕೆಂದು ಬಾಯಿ ತೆರೆದೆ. ಮೋಟಾರು ಶುರುವಾಯಿತು. ಸದ್ದಿನ ನೆಪ ಸಿಕ್ಕಿತು.

ನಮ್ಮ ಮನೆಗೆ ಬಂದಾಗ ನಾನು ಕೊಟ್ಟ ನೀರಿಗೂ ಕೈ ಹಾಕಿ ನೋಡುತ್ತಿದ್ದ. ಆದರೆ ನನಗೆ ಕಾಣದ ಹಾಗೆ, ನಾನು ಒಳಗೆ ಹೋಗುವುದನ್ನು ಕಾದು. ತಿರುಗಿ ಬರುವಷ್ಟರಲ್ಲಿ ಅಂಗಿಯ ತೋಳು ಇಳಿಸಿಕೊಂಡಿರುತ್ತಿದ್ದ. ತುದಿ ಒದ್ದೆಯಾಗಿರುತ್ತಿತ್ತು.

ತಂಗೀ, ನೀನು ಕೇಳಿದ್ದಕ್ಕೆ ಸಣ್ಣಾಗಿಂದ್ಲೇ ಎಂದೆನಲ್ಲ, ಹಾಗಲ್ಲ. ಆ ಬೇಸಗೆಗೆ ಮುಂಚೆ ನಾನು ತುಂಬಿಟ್ಟ ನೀರನ್ನು ನನ್ನ ತಮ್ಮ ನೋಡದೆಯೇ ಎತ್ತಿ ಕುಡಿಯುತ್ತಿದ್ದ.